ನೆಂಗಾ ಮತ್ತೆ ನೀರಿಗಿಳಿದದ್ದು

ಬಾಲಿಯ ಉತ್ತರ ದಂಡೆಯಲ್ಲಿ, ಕಪ್ಪು ಮರಳಿನ ಆ ಊರಿನಲ್ಲಿ, ಗಾಜಿನ ತೊಟ್ಟಿಗಳಿಗೆಂದು ಬಣ್ಣದ ಮೀನು ಹಿಡಿಯುವವರಲ್ಲಿ ನೆಂಗಾ ಸುದಾರ್ಮನನ್ನು ಮೀರಿಸುವವರಿರಲಿಲ್ಲ. ಅದು ಅವನ ಕಾಲುಗಳು ನೆಟ್ಟಗಿದ್ದಾಗಿನ ಮಾತು. ಮೊದಮೊದಲು ಅವನೂ ಎಲ್ಲರಂತೆ ಸೀಸೆಯಲ್ಲಿ ವಿಷದ ನೀರು ತುಂಬಿಕೊಂಡು ಹವಳದ ಸಂದಿಗಳಿಗೆ ಚಿಮ್ಮಿಸುತ್ತಿದ್ದ. ಮತ್ತೇರಿ ತೇಲಿಬಂದ ಮೀನನ್ನು ಬಾಚಿಕೊಳ್ಳುತ್ತಿದ್ದ. ಹವಳವೆಲ್ಲ ಬೆಳ್ಳಗಾಗಿ ಸತ್ತು ಪಾಚಿ ಕಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆ ಸೀಸೆ ಬಿಸಾಡಿ ಬಲೆ ಹಿಡಿದ. ಅಷ್ಟರಲ್ಲಿ ದಂಡೆಯ ಹತ್ತಿರ ಹಿಡಿಯಲು ಮೀನೇ ಉಳಿದಿರಲಿಲ್ಲ. ದೋಣಿಯಲ್ಲಿಟ್ಟ ಗಾಳಿಯಂತ್ರದ ಕೊಳವೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಆಳಕ್ಕೆ, ಇನ್ನೂ ಆಳಕ್ಕೆ ಇಳಿಯಬೇಕಾಯಿತು.

ಒಂದು ದಿನ ಯಂತ್ರ ಕೆಮ್ಮಿ ನಿಂತುಬಿಟ್ಟಿತು. ಉಸಿರು ಸಿಗದ ನೆಂಗಾ ಒಂದೇ ಏಟಿಗೆ ಮೇಲೆ ಬಂದ. ಅಷ್ಟು ಆಳದಿಂದ ಹಾಗೆ ಒಮ್ಮೆಲೇ ಮೇಲೇರಿದರೆ ರಕ್ತದಲ್ಲಿ ಗಾಳಿ ಗುಳ್ಳೆಗಟ್ಟುತ್ತದೆ. ಸಂಜೆಯ ಹೊತ್ತಿಗೆ ಸೊಂಟದಿಂದ ಕೆಳಗಿನದು ಯಾವುದೂ ತನ್ನದಲ್ಲ ಅನ್ನಿಸತೊಡಗಿತು. ಆಸ್ಪತ್ರೆಗೂ ನಾಟಿ ವೈದ್ಯನಿಗೂ ಗುಡಿಯ ತೀರ್ಥಕ್ಕೂ ಆ ಕಾಲುಗಳು ಜಗ್ಗಲಿಲ್ಲ. ಹೆಂಡತಿ ಮಾಸ್ತ್ರಿ ಬೀದಿಬದಿಯಲ್ಲಿ ಅನ್ನ, ಹುರಿದ ಮೀನು, ಖಾರದ ಸಾಂಬಲ್ ಚಟ್ನಿ ಮಾರಿ ಮನೆ ನಡೆಸಿದಳು. ನೆಂಗಾ ಜಗಲಿಯಲ್ಲಿ ಕೂತು ಕಂಡವರ ಬಲೆ ಹೊಲಿಯತೊಡಗಿದ. ಸಮುದ್ರದ ಕಡೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಆ ಜಗಲಿಗೆ ಒಂದು ಬೆಳಗ್ಗೆ ಪಕ್ಕದೂರಿನ ಹೆಂಗಸೊಬ್ಬಳು ಸ್ಕೂಟರಿನಲ್ಲಿ ಬಂದಿಳಿದಳು. ಹೆಸರು ಕಾದೆಕ್ ಸ್ರಿಯಾಸಿ. ಬಣ್ಣದ ಮೀನು ಕೊಂಡು ದೂರದೂರಿಗೆ ಕಳಿಸುವ ವ್ಯಾಪಾರಿಯ ಶೆಡ್ಡಿನಲ್ಲಿ ಅವನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬುವುದು ಅವಳ ಕೆಲಸ.

"ಬಲೇಲಿ ಮೀನು ಹಿಡಿಯೋದು ಕಲಿಸ್ತೀರಾ ಅಣ್ಣಾ?"

ನೆಂಗಾ ತಲೆಯೆತ್ತಲಿಲ್ಲ. "ಮನೆ ತಪ್ಪಿ ಬಂದಿದ್ದೀಯ. ಇಲ್ಲಿ ಬಲೆ ಹೊಲೀತಾರೆ, ಅಷ್ಟೆ. ನಿನ್ನ ಗಂಡ ಎಲ್ಲಿ?"

"ಮನೇಲಿದಾನೆ. ಅವನಿಗೆ ನೀರು ಕಂಡ್ರೆ ಭಯ. ನಂಗಿಲ್ಲ."

ಒಳಗಿನಿಂದ ಮಾಸ್ತ್ರಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

"ವಿಷದ ಮೀನು ತುಂಬಿ ತುಂಬಿ ಸಾಕಾಗಿದೆ ಅಣ್ಣಾ," ಎಂದಳು ಕಾದೆಕ್. "ಚೀಲಕ್ಕೆ ಹಾಕುವಾಗ ಚೆನ್ನಾಗೇ ಆಡ್ತಿರುತ್ತೆ. ಬೆಳಗಾಗೋದ್ರೊಳಗೆ ಹೊಟ್ಟೆ ಮೇಲಾಗಿರುತ್ತೆ. ಶೆಡ್ಡಿನ ಹಿಂದೆ ಗುಂಡಿ ತೋಡಿ ಹೂಳೋದೂ ನಾನೇ. ಇನ್ಮೇಲೆ ನಾನೇ ಹಿಡೀತೀನಿ, ಸರಿಯಾಗಿ ಹಿಡೀತೀನಿ."

"ಬಾಯಲ್ಲಿ ಹೇಳಿದ್ರೆ ಬರೋ ವಿದ್ಯೆ ಅಲ್ಲ ಅದು."

"ಹಂಗಾದ್ರೆ ನೀರಲ್ಲೇ ಹೇಳ್ಕೊಡಿ."

ನೆಂಗಾ ಹೊಲಿಗೆಯ ಸೂಜಿಯನ್ನು ನೆಲಕ್ಕೆ ಎಸೆದ. "ನನ್ನ ಕಾಲು ನೋಡಿದ್ಯಾ?"

"ನೋಡ್ದೆ. ಕೈಯನ್ನೂ ನೋಡ್ದೆ."

ಅವತ್ತು ಬೈದು ಕಳಿಸಿದ. ಮರುದಿನ ಅವಳು ಒದ್ದೆ ತಲೆಯಲ್ಲಿ, ಹರಿದ ಬಲೆ ಹಿಡಿದು ಮತ್ತೆ ಬಂದು ನಿಂತಳು. ಒಬ್ಬಳೇ ಹೋಗಿ ಪ್ರಯತ್ನಿಸಿದ್ದಳು. ಹೊಲಿಯುತ್ತ ಹೊಲಿಯುತ್ತ ನೆಂಗಾನಿಗೆ ತಡೆಯಲಾಗಲಿಲ್ಲ.

"ಬಲೆ ಎಲ್ಲಿ ಹಾಕ್ದೆ, ಹವಳದ ಮೇಲೇನಾ?"

"ಹೂಂ."

"ಥೂ! ಹವಳದ ಮೇಲೆ ಹಾಸೋಕೆ ಅದೇನು ಕಂಬಳೀನಾ? ಮೀನು ಓಡೋ ದಾರಿಗೆ ಅಡ್ಡ ಕಟ್ಬೇಕು."

ಬೈಗುಳವನ್ನು ಪಾಠವೆಂದೇ ಕೇಳಿಸಿಕೊಂಡು ಹೋದಳು. ಮತ್ತೆ ಬಂದಳು, ಮತ್ತೆ ಬಂದಳು. ಪ್ರತಿಸಲವೂ ಬಲೆ ಹರಿದಿರುತ್ತಿತ್ತು, ಬಕೆಟ್ ಬರಿದಾಗಿರುತ್ತಿತ್ತು. ಊರವರು ನಗುತ್ತಿದ್ದರು. ಅವಳು ನಿಲ್ಲಿಸಲಿಲ್ಲ. ನೆಂಗಾನಿಗೆ ರಾತ್ರಿ ನಿದ್ದೆಯಲ್ಲೂ ಅವಳು ತಪ್ಪಾಗಿ ಕಟ್ಟಿದ ಬಲೆಯೇ ಕಾಣತೊಡಗಿತು. ಕೊನೆಗೊಂದು ದಿನ ಅವಳು ಬಾಯಿ ತೆರೆಯುವ ಮೊದಲೇ ಕೇಳಿದ: "ದೋಣಿ ತಂದಿದ್ದೀಯಾ?"

ಮಾಸ್ತ್ರಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಸಮುದ್ರ ಅರ್ಧ ತಿಂದು ಬಿಟ್ಟಿದೆ. ಉಳಿದರ್ಧಾನೂ ಕೊಟ್ಟು ಬರ್ತೀರಾ?"

"ಗಾಳಿಯಂತ್ರ ಮುಟ್ಟಲ್ಲ ಕಣೇ. ಒಂದು ಉಸಿರಿಗೆ ಎಷ್ಟು ಆಳವೋ ಅಷ್ಟೇ."

"ಆಣೆ ಮಾಡಿ."

"ನಿನ್ನಾಣೆ."

ಮಾಸ್ತ್ರಿ ಸೌಟು ಕೆಳಗಿಟ್ಟು, "ನಾನೂ ಬರ್ತೀನಿ, ನಿಮ್ಮ ಸೊಂಟಕ್ಕೆ ಕಟ್ಟೋ ಹಗ್ಗ ನನ್ನ ಕೈಲಿರಲಿ," ಎಂದು ಅವನ ಒಂದು ರಟ್ಟೆಗೆ ಹೆಗಲು ಕೊಟ್ಟಳು. ಇನ್ನೊಂದಕ್ಕೆ ಕಾದೆಕ್ ಕೊಟ್ಟಳು.

ದೋಣಿಯಂಚಿನಿಂದ ನೆಂಗಾ ನೀರಿಗೆ ಜಾರಿದ. ಉಪ್ಪುನೀರು ಕುಡಿದ, ಕೆಮ್ಮಿದ, ದೋಣಿಯ ಪಕ್ಕಕ್ಕೆ ಕಟ್ಟಿದ್ದ ತೇಲುಬಿದಿರನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಈಜುಗನ್ನಡಕ ಸರಿಪಡಿಸಿಕೊಂಡು ಮುಖ ಒಳಗಿಟ್ಟ. ನೆಲದ ಮೇಲೆ ಮೂಟೆಯಂತೆ ಎಳೆದುಕೊಂಡು ಹೋಗಬೇಕಿದ್ದ ಕಾಲುಗಳು ಇಲ್ಲಿ ತೂಕವಿಲ್ಲದೆ ಅವನ ಹಿಂದೆ ತೇಲಿ ಬರುತ್ತಿದ್ದವು. ತೋಳುಗಳು ಕೆಲಸ ಮರೆತಿರಲಿಲ್ಲ. ಉಸಿರು ಕಟ್ಟಿ ಇಳಿದ.

ಬಂಡೆಯ ಕೆಳಗೆ ನೀಲಿ ಮೈಗೆ ಹಳದಿ ಗೆರೆ ಬರೆದಂಥ ಮೀನೊಂದು ಇಣುಕುತ್ತಿತ್ತು. ಮರಳಿನ ಮೇಲೆ ಬಲೆಯನ್ನು ಅರ್ಧಚಂದ್ರದಂತೆ ನಿಲ್ಲಿಸಲು ಕಾದೆಕ್‌ಗೆ ಕೈಸನ್ನೆ ಮಾಡಿ, ತಾನು ಹಿಂದಿನಿಂದ ಕೋಲಿನಲ್ಲಿ ಬಂಡೆಗೆ ತಟ್ಟಿದ. ಮೀನು ತಪ್ಪಿಸಿಕೊಂಡಿತು. ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಇಳಿದರು, ಮತ್ತೆ ತಪ್ಪಿತು. ಬಹಳ ಹೊತ್ತಿನ ಮೇಲೆ ಅದು ನೇರ ಬಲೆಗೆ ನುಗ್ಗಿತು. ಕಾದೆಕ್ ಅದನ್ನು ಕೈಬಲೆಯಿಂದ ಜೊತೆಯಲ್ಲಿ ಇಳಿಸಿದ್ದ ಮುಚ್ಚಳದ ಬಕೆಟ್ಟಿಗೆ ಸೇರಿಸಿ, ಖುಷಿಯಲ್ಲಿ ಅದನ್ನು ಸರಸರನೆ ಮೇಲಕ್ಕೆಳೆಯತೊಡಗಿದಳು. ನೆಂಗಾ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದ. ಮೇಲೆ ಬಂದೊಡನೆ ಕಿರುಚಿದ: "ನಿಧಾನ! ಬೇಗ ಎಳೆದ್ರೆ ಒಳಗಿನ ಗಾಳಿ ಊದಿ ಸಾಯುತ್ತೆ!"

ದೋಣಿಯಿಂದ ಮಾಸ್ತ್ರಿ ಹೇಳಿದಳು, "ಮೀನಿಗೆ ಇಷ್ಟು ಬುದ್ಧಿ ಹೇಳೋರು ಅವತ್ತು ನೀವ್ಯಾಕೆ ಹಂಗೆ ಹಾರಿ ಬಂದ್ರಿ?"

ಕಾದೆಕ್ ಗಾಬರಿಯಿಂದ ಅವನ ಮುಖ ನೋಡಿದಳು. ನೆಂಗಾ ನಗುತ್ತಿದ್ದ. ಹೊಟ್ಟೆ ಹಿಡಿದುಕೊಳ್ಳಲು ಕೈ ಬಿಡುವಿಲ್ಲದೆ, ಬಿದಿರಿಗೆ ಜೋತುಬಿದ್ದು ನಗುತ್ತಿದ್ದ.

ಆಮೇಲೆ ಸಮುದ್ರ ಶಾಂತವಿದ್ದ ದಿನವೆಲ್ಲ ಅವನು ನೀರಿನಲ್ಲೇ. ಕಾದೆಕ್ ಶೆಡ್ಡಿನ ಕೆಲಸ ಬಿಟ್ಟಳು. ಅವಳನ್ನು ನೋಡಿ ಇನ್ನೂ ಇಬ್ಬರು ಹೆಂಗಸರು ಕಲಿಯಲು ಬಂದರು. ವ್ಯಾಪಾರಿ ಬಂದು ಕೂತು, ಆಳದ ಮೀನಿಗೆ ಬೇಡಿಕೆಯಿದೆ, ಹೊಸ ಗಾಳಿಯಂತ್ರ ತಾನೇ ಕೊಡಿಸುತ್ತೇನೆ ಎಂದ.

ನೆಂಗಾ ಉತ್ತರಿಸುವ ಮೊದಲೇ ಕಾದೆಕ್ ಹೇಳಿದಳು: "ಯಂತ್ರ ನೀವೇ ಇಟ್ಕೊಳ್ಳಿ. ಆಳದ್ದು ಬೇಕಾದ್ರೆ ನೀವೇ ಇಳೀರಿ."

ವ್ಯಾಪಾರಿ ಮುಖ ಊದಿಸಿಕೊಂಡು ಹೋದವನು ಬಹಳ ಕಾಲ ಈ ಕಡೆ ತಲೆ ಹಾಕಲಿಲ್ಲ, ಇವರ ಮೀನನ್ನೂ ಕೊಳ್ಳಲಿಲ್ಲ. ಆ ಮಳೆಗಾಲ ಎರಡೂ ಮನೆಗಳಲ್ಲಿ ಗೆಣಸೇ ಹೆಚ್ಚು ಬೆಂದಿತು. ಆದರೂ ಅವರಲ್ಲಿ ಯಾರೂ ಸೀಸೆ ಮುಟ್ಟಲಿಲ್ಲ, ಕೊಳವೆ ಕಚ್ಚಲಿಲ್ಲ. ಕೊನೆಗೆ, ತಾನು ಕಳಿಸಿದ ವಿಷದ ಮೀನು ದಾರಿಯಲ್ಲೇ ಸತ್ತು ಗಿರಾಕಿಗಳು ಕೈಬಿಟ್ಟಾಗ, ವ್ಯಾಪಾರಿಯೇ ಮತ್ತೆ ಜಗಲಿಗೆ ಬಂದ.

"ನೆಂಗಾ ಇಲ್ವಾ?"

"ನೀರಲ್ಲಿದಾರೆ," ಎಂದಳು ಮಾಸ್ತ್ರಿ, ಅವನ ಮುಂದೆ ಕಾಫಿ ಇಟ್ಟು. "ಅವರು ಮೇಲೆ ಬರೋದು ನಿಧಾನ. ಕೂತ್ಕೊಳ್ಳಿ."