ಬೊಸಿಲ್ಕಾ ಹಾಕದ ಗೆರೆ

ಪ್ಲೊವ್‌ಡಿವ್‌ನಲ್ಲಿ ನಾನು ಸಂಗೀತ ಕಲಿಸುತ್ತಿದ್ದ ಅಂಧ ಮಕ್ಕಳ ಶಾಲೆಯಲ್ಲಿ, ತರಗತಿಯ ಲೆಕ್ಕಗಳನ್ನೂ ಪರೀಕ್ಷೆಯ ಪ್ರಶ್ನೆಗಳನ್ನೂ ಬ್ರೈಲ್‌ಗೆ ಇಳಿಸುವ ಕೆಲಸ ಬೊಸಿಲ್ಕಾಳದು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳ ಬ್ರೈಲ್ ಯಂತ್ರದ ಸದ್ದು ತಡೆಯಲಾರದೆ ಅವಳಿಗೆ ಮೊಗಸಾಲೆಯ ತುದಿಯ ಕೋಣೆ ಕೊಟ್ಟಿದ್ದರು. ಅತ್ತ ಯಾರೂ ಸುಳಿಯುತ್ತಿರಲಿಲ್ಲ.

ಸುಳಿಯುತ್ತಿದ್ದವಳು ರಾಲಿತ್ಸಾ ಒಬ್ಬಳೇ. ಕೊನೆಯ ವರ್ಷದ ವಿದ್ಯಾರ್ಥಿನಿ, ಗಣಿತವೆಂದರೆ ಪ್ರಾಣ. ಮಧ್ಯಾಹ್ನ ಬೊಸಿಲ್ಕಾ ಮನೆಯಿಂದ ತಂದ ಬಾನಿತ್ಸಾ ಎಂಬ ಚೀಸಿನ ಪದರರೊಟ್ಟಿಯನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು. "ಚಿಕ್ಕಮ್ಮಾ, ನಿಮ್ಮ ಚುಕ್ಕಿಗಿಂತ ಉಪ್ಪೇ ಜಾಸ್ತಿ ಚುಚ್ಚುತ್ತೆ" ಎಂದು ಹುಡುಗಿ ಕೆಣಕಿದರೆ ಬೊಸಿಲ್ಕಾ ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮಕ್ಕಳು ಬ್ರೈಲ್‌ನಲ್ಲಿ ಬರೆದ ಉತ್ತರಗಳನ್ನು ಪರೀಕ್ಷಕರಿಗಾಗಿ ಮತ್ತೆ ಶಾಯಿಯಲ್ಲಿ ಬರೆದುಕೊಡುವವಳೂ ಅವಳೇ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಆ ವರ್ಷ ರಾಲಿತ್ಸಾಳ ದೊಡ್ಡ ಲೆಕ್ಕವೊಂದರಲ್ಲಿ ಎಲ್ಲ ಸಾಲೂ ಸರಿಯಿತ್ತು. ಕೊನೆಯ ಉತ್ತರದ ಮುಂದೆ ಮೈನಸ್ ಮಾತ್ರ ಬಿಟ್ಟುಹೋಗಿತ್ತು. ಬೊಸಿಲ್ಕಾ ಆ ಜಾಗದಲ್ಲಿ ಮತ್ತೆ ಮತ್ತೆ ಬೆರಳಾಡಿಸಿದಳಂತೆ. ಕೊನೆಗೆ ಮೈನಸ್ ಇಲ್ಲದೆಯೇ ಬರೆದು ಸಹಿ ಹಾಕಿದಳು. ಆ ಅಂಕ ಹೋದದ್ದಕ್ಕೇ ಹುಡುಗಿಗೆ ಸೋಫಿಯಾದ ವಿಶ್ವವಿದ್ಯಾಲಯದ ಸೀಟು ತಪ್ಪಿತು.

ರಾಲಿತ್ಸಾ ಬಂದು ಬಾಗಿಲಲ್ಲೇ ನಿಂತಳು. ನಾನೂ ಅಲ್ಲಿದ್ದೆ.

"ನಿಮಗೆ ಗೊತ್ತಾಗಿತ್ತು ತಾನೆ?"

"ಗೊತ್ತಾಗಿತ್ತು ಕಣೆ."

"ಒಂದು ಗೆರೆ. ಎಳೆದಿದ್ರೆ ಯಾರಿಗೆ ತಿಳೀತಿತ್ತು?"

"ಯಾರಿಗೂ ತಿಳೀತಿರಲಿಲ್ಲ" ಎಂದಳು ಬೊಸಿಲ್ಕಾ.

ಹುಡುಗಿ ಮತ್ತೆ ಆ ಕಡೆ ಬರಲಿಲ್ಲ. ಅಂಗಮರ್ದನ ಕಲಿತು ಹಿಸಾರ್ಯದ ಬಿಸಿನೀರಿನ ಸ್ನಾನಗೃಹದಲ್ಲಿ ಕೆಲಸಕ್ಕೆ ಸೇರಿದಳೆಂದು ತಿಳಿಯಿತು. ಬೊಸಿಲ್ಕಾ ಒಬ್ಬಳೇ ಉಣ್ಣತೊಡಗಿದಳು. ನಾನು ಕರೆದರೆ ಕೆಲಸವಿದೆ ಎನ್ನುವಳು.

ಕೆಲವು ವರ್ಷ ಕಳೆದ ಮೇಲೆ ಒಂದು ಶನಿವಾರ ಬಸ್ಸು ಹತ್ತಿ ಹಿಸಾರ್ಯಕ್ಕೆ ಹೋದಳು. ಬೆನ್ನುನೋವೆಂದು ಚೀಟಿ ಮಾಡಿಸಿ, ಬಾಯಿಬಿಡದೆ ಬೋರಲು ಮಲಗಿದಳು. ರಾಲಿತ್ಸಾ ಎಣ್ಣೆ ಹಚ್ಚಿ ಹೆಗಲು ನೀವಿದಳು. ನೀವುತ್ತಾ ನೀವುತ್ತಾ ಕೈ ನಿಂತಿತು.

"ಇನ್ನೂ ಆ ಹಳೇ ಮೆಷಿನ್‌ನಲ್ಲೇ ಕುಟ್ತಿದ್ದೀರಾ? ಹೆಗಲು ಕಲ್ಲಾಗಿದೆ."

ಬೊಸಿಲ್ಕಾ ಹೂಂ ಎಂದಳು. ರಾಲಿತ್ಸಾ ಕೆಲಸ ಪೂರ್ತಿ ಮಾಡಿ, ಕೈ ಒರೆಸಿಕೊಂಡು, ಮುಂದಿನವರನ್ನು ಕರೆದಳು.

ಸೋಮವಾರ ಬೊಸಿಲ್ಕಾ ಇದನ್ನೆಲ್ಲ ಹೇಳಿದಾಗ, ಮತ್ತೆ ಹೋಗುತ್ತೀಯಾ ಎಂದು ಕೇಳಿದೆ.

"ಬರಬೇಡಿ ಅಂತ ಅನ್ನಲಿಲ್ಲ" ಎಂದಳು. "ಬನ್ನಿ ಅಂತಲೂ ಅನ್ನಲಿಲ್ಲ."

ಮೂರನೇ ತರಗತಿಯ ಭಾಗಾಕಾರದ ಲೆಕ್ಕಗಳು ಮೇಜಿನ ಮೇಲಿದ್ದವು. ಹಾಳೆ ಏರಿಸಿ ಕುಟ್ಟತೊಡಗಿದಳು.