ಕಿವಿಗೊಟ್ಟು ದಾಟುವ ಹಳ್ಳ

ಹೆಗ್ಗದ್ದೆಯ ಕಡೆ ನಮ್ಮ ಮನೆಗೂ ನಮ್ಮ ತುಂಡು ಕಾಫಿ ತೋಟಕ್ಕೂ ನಡುವೆ ಒಂದು ಹಳ್ಳ. ಸೇತುವೆ ಇಲ್ಲ. ದಾಟುವ ಮುಂಚೆ ಅವ್ವ ದಡದಲ್ಲಿ ನಿಂತು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಲ್ಲಿಗೆ ನೀರು ಬಡಿಯುವ ಸದ್ದು ದಪ್ಪವಾಗಿದ್ದರೆ ವಾಪಸ್; ತೆಳುವಾಗಿದ್ದರೆ ಸೀರೆ ಎತ್ತಿ ಕಟ್ಟಿ ಇಳಿಯುವುದು. ನಮ್ಮಲ್ಲಿ ಎಲ್ಲರೂ ಹೀಗೇ ದಾಟುತ್ತಾರೆ. ಕೋಲು ಊರಿ ಆಳ ನೋಡುವವರನ್ನು ಕಂಡರೆ ನಗುತ್ತಾರೆ.

ಮೇಲ್ಗಡೆ ಕಿರು ಜಲವಿದ್ಯುತ್ ಘಟಕ ಬಂದಮೇಲೆ ಹಳ್ಳ ಪೈಪಿನೊಳಗೆ ಹೋಯಿತು, ನಮ್ಮ ಕಡೆ ಒಣ ಕಲ್ಲು ಉಳಿಯಿತು. ಗೇಟಿನ ಬೋರ್ಡನ್ನು ಅವ್ವನಿಗೆ ಓದಿ ಹೇಳಿದವಳು ನಾನೇ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ರಜೆಯಲ್ಲೆಲ್ಲ ಎಸ್ಟೇಟಿನಲ್ಲಿ ಹಣ್ಣು ಕುಯ್ದು ಓದಿದವಳು, ಆ ಹೆಮ್ಮೆ ಇವತ್ತಿಗೂ ಇದೆ. ಹೊಗೆಯಿಲ್ಲದ ಕರೆಂಟು, ಭೂಮಿಗೆ ಒಳ್ಳೆಯದು ಎಂದು ಬರೆದಿತ್ತು. ಸುಳ್ಳೇನಲ್ಲ.

"ಕರೆಂಟು ಯಾರಿಗೆ ಮಗಾ?"

"ಪ್ಯಾಟೆಗೆ ಕಣವ್ವ."

"ನೀರು ನಮ್ದು, ದೀಪ ಅವ್ರುದ್ದು. ಚೆನ್ನಾಗೈತೆ."

ತಂತಿ ನಮ್ಮ ಮಾಡಿನ ಮೇಲೇ ಹಾಯ್ದು ಹೋಗುತ್ತದೆ. ಯಂತ್ರ ನಿಂತರೆ ನೀರನ್ನೆಲ್ಲ ಒಮ್ಮೆಗೇ ಹಳ್ಳಕ್ಕೆ ಬಿಡುತ್ತಾರೆ. ಆಗ ಕೂಗಲೆಂದು ನಮ್ಮ ದಡಕ್ಕೊಂದು ಸೈರನ್ ಹಾಕಿದರು. ಅದಕ್ಕೆ ಊರಿನ ಲೈನಿನ ಕರೆಂಟು. ಊರಿನ ಲೈನಿನಲ್ಲಿ ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ. ಬೆಳಗಿನಿಂದ ಕರೆಂಟಿರಲಿಲ್ಲ. ಅವ್ವ ಆಚೆ ದಡದಲ್ಲಿ, ತಲೆಯ ಮೇಲೆ ಹಣ್ಣಿನ ಚೀಲ ಹೊತ್ತು, ನಿಂತು ಕೇಳಿದಳು. ಏನೂ ಇಲ್ಲ. ಇಳಿದಳು.

ಈಚೆ ದಡದಲ್ಲಿದ್ದ ನನಗೆ ಸುಡುಬಿಸಿಲಲ್ಲಿ ಹಸಿ ಮಣ್ಣಿನ ವಾಸನೆ ಬಂತು. ಒಣಗಿದ ಕಲ್ಲುಗಳ ಸಂದಿಯಿಂದ ಏಡಿಗಳು ಒಂದರ ಹಿಂದೊಂದು ದಡ ಹತ್ತತೊಡಗಿದವು. ನನ್ನ ಪಾದದ ಮೇಲೇ ಹಾದುಹೋದವು. ಸದ್ದೇ ಇಲ್ಲ.

"ಅವ್ವಾ, ಬಿರ್ನೆ ಬಾ."

"ಯಾಕೆ ಹಂಗೆ ಅರಚ್ತೀಯೆ? ಹಳ್ಳ ಮಲಗೈತೆ ಕಣೇ."

ಹಳ್ಳದ ಮೇಲ್ಗಡೆಯಿಂದ ಅವಳತ್ತ ತರಗೆಲೆಗಳು ತಾವಾಗಿಯೇ ನಡೆದು ಬರುತ್ತಿದ್ದವು. ಅವುಗಳ ಅಡಿಯಲ್ಲಿ ನೀರು.

ನಾನು ಓಡಿ ಕೈ ಹಿಡಿಯುವಷ್ಟರಲ್ಲಿ ಅವಳ ಸೊಂಟದವರೆಗೆ ಬಂದಿತ್ತು. ಚೀಲ ಹೋಯಿತು. ಅವಳನ್ನು ದಡಕ್ಕೆ ಎಳೆದುಕೊಂಡ ಮೇಲೆ ಹಳ್ಳ ಮೊರೆಯಿತು. ಸೈರನ್ ಕಂಬ ಸುಮ್ಮನೆ ನಿಂತಿತ್ತು.

ತೋಟ ಆಚೆಯೇ ಇದೆ, ದಾಟದೆ ವಿಧಿಯಿಲ್ಲ. ಅವ್ವ ಈಗ ಕಣ್ಣು ಮುಚ್ಚುವುದಿಲ್ಲ, ನನ್ನ ಮುಖ ನೋಡುತ್ತಾಳೆ.

"ಓದ್ದೋಳು ನೀನು. ದಾಟ್ಲಾ?"

ಮೇಲೆ ತಂತಿ ಗುಂಯ್ಗುಡುವುದು ಬಿಟ್ಟರೆ ನನಗೆ ಏನೂ ಕೇಳಿಸುವುದಿಲ್ಲ. ಬಗ್ಗಿ ಕಲ್ಲಿನ ಸಂದಿಯಲ್ಲಿ ಏಡಿಗಳನ್ನು ಹುಡುಕುತ್ತೇನೆ. ಒಳಗೇ ಕೂತಿದ್ದರೆ, ದಾಟವ್ವ ಅನ್ನುತ್ತೇನೆ.