ಹಿಂದಕ್ಕೆ ಓಡಿದ ಎಂಟು ಚಕ್ರ

ಹೆಡ್ಲಿ ಟಿಜಾರ್ಡ್ ಆಯುಷ್ಯದ ಮೊದಲರ್ಧದಲ್ಲಿ ಮೀನುಗಾರನಾಗಿದ್ದ. ಉಳಿದರ್ಧದಲ್ಲಿ ಎಂಟು ಚಕ್ರದ ಗಾಡಿಯೊಂದರ ಯಜಮಾನನಾದ. ಮೊದಲನೆಯದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕಡೆ ಮೂಸ್ ಕಡವೆಯನ್ನು ಹೊಡೆಯುವುದು ಕಷ್ಟವಲ್ಲ, ಹೊಡೆದದ್ದನ್ನು ಜೌಗು ದಾಟಿಸಿ, ಕೆರೆ ದಾಟಿಸಿ ಮನೆಗೆ ತರುವುದು ಕಷ್ಟ. ಕೆಸರಲ್ಲಿ ಓಡಿ ನೀರಲ್ಲಿ ತೇಲುವ ಈ ಗಾಡಿ ಇರುವುದೇ ಅದಕ್ಕೆ. ಹೆಡ್ಲಿಯದು ಮಾತ್ರ ವರ್ಷ ವರ್ಷವೂ ಕೆರೆಯ ನಡುವೆ ಕೆಟ್ಟು ನಿಲ್ಲುತ್ತಿತ್ತು. ಅವನ ಬಾಮೈದ ಗಾರ್ಲಂಡ್ ದೋಣಿ ತಂದು, ಹಗ್ಗ ಕಟ್ಟಿ ಎಳೆಯುತ್ತಿದ್ದ. ಎಳೆದದ್ದನ್ನು ಚಳಿಗಾಲವಿಡೀ ಹೇಳಿಕೊಂಡು ತಿರುಗುತ್ತಿದ್ದ.

ಹೆಡ್ಲಿಯ ಹೆಂಡತಿ ಮೆಲ್ವಿನಾಗೆ ಇದು ಸಾಕಾಯಿತು. "ಇನ್ನೊಂದ್ ಸಲ ಅದು ಹಗ್ಗ ಕಟ್ಟಿಸ್ಕೊಂಡು ಮನೆಗೆ ಬಂತೋ, ಗಾರ್ಲಂಡನಿಗೇ ಕೊಟ್ಬಿಡ್ತೀನಿ. ಎಳ್ದೋನಿಗೇ ಸೇರ್ಲಿ," ಎಂದಳು. ಸುದ್ದಿ ಕಿವಿಗೆ ಬಿದ್ದೊಡನೆ ಗಾರ್ಲಂಡ್ ಹೊಸ ಹಗ್ಗ ಕೊಂಡ.

ಹೆಡ್ಲಿ ಗಾಡಿಯ ಹೊಟ್ಟೆಯೊಳಗೆ ತಲೆ ತೂರಿಸಿ ಕುಳಿತ. ಅಚ್ಚುಗಳಿಗೆ ಹೊಸ ಬೇರಿಂಗ್ ಹಾಕಿದ. ಚೈನು ಕೂರುವ ಹಲ್ಲುಚಕ್ರಗಳನ್ನು, ಅಂದರೆ ಸ್ಪ್ರಾಕೆಟ್‌ಗಳನ್ನು, ಒಂದೇ ಸಾಲಿಗೆ ತಂದು ಬಿಗಿದ. ಬೇರಿಂಗ್ ಮಾರಿದವನು ಒಂದು ಮಾತು ಹೇಳಿದ್ದ: ಅಚ್ಚನ್ನು ಹಿಡಿದಿಡುವ ಬಳೆ ಗಾಡಿ ಮುಂದಕ್ಕೆ ಹೋದಷ್ಟೂ ಬಿಗಿಯಾಗುತ್ತದೆ, ಬಹಳ ಹೊತ್ತು ಹಿಂದಕ್ಕೆ ಓಡಿಸಿದರೆ ಸಡಿಲವಾಗುತ್ತದೆ. ಹೆಡ್ಲಿ ತಲೆಯಾಡಿಸಿದ. ಶಾಲೆಯಲ್ಲಿ ನಾನು ಪಾಠ ಹೇಳುವಾಗಲೂ ಅವನು ಹೀಗೆಯೇ ತಲೆಯಾಡಿಸುತ್ತಿದ್ದ.

ಆ ಶರತ್ಕಾಲದಲ್ಲಿ ಅವನಿಗೆ ಸಿಕ್ಕಿದ ಮೂಸ್‌ನ ಕೊಂಬು ತೊಟ್ಟಿಲಿನಷ್ಟು ಅಗಲವಿತ್ತು. ಹೊರೆಯೆಲ್ಲ ಗಾಡಿಯ ಹಿಂಭಾಗದಲ್ಲಿ. ನೇರವಾಗಿ ಹೋದರೆ ಕೆರೆಯ ದಡದಲ್ಲಿ ಕಾಯುತ್ತಿರುವ ಜನಕ್ಕೆ ಮೊದಲು ಕಾಣುವುದು ಹೆಡ್ಲಿಯ ಮುಖ, ಆಮೇಲೆ ಕೊಂಬು. ಆ ಮುಖವನ್ನು ಅವರು ಹುಟ್ಟಿದಾಗಿನಿಂದ ನೋಡಿದ್ದರು. ಆದ್ದರಿಂದ ಜೌಗಿನ ದಾರಿಯುದ್ದಕ್ಕೂ ಅವನು ಗಾಡಿಯನ್ನು ಹಿಂದುಹಿಂದಕ್ಕೇ ಓಡಿಸಿ, ಹಾಗೆಯೇ ಕೆರೆಗೂ ಇಳಿಸಿದ.

ನಡುನೀರಿನಲ್ಲಿ ಬಳೆ ಸಡಿಲಿತು. ಎಡಗಡೆಯ ಅಚ್ಚು ಸರಿಯಿತು, ಸ್ಪ್ರಾಕೆಟ್ ಸಾಲು ತಪ್ಪಿತು, ಚೈನು ಕಳಚಿತು. ಬಲಗಡೆಯ ಚಕ್ರಗಳು ಇದೊಂದನ್ನೂ ಅರಿಯದೆ ತಿರುಗುತ್ತಲೇ ಇದ್ದವು. ಗಾಡಿ ಇದ್ದಲ್ಲೇ ಗಿರಿಗಿರಿ ಸುತ್ತತೊಡಗಿತು. ದಡದಲ್ಲಿ ಚಹಾ ಕುಡಿಯುತ್ತಿದ್ದವರಿಗೆ ಒಮ್ಮೆ ಕೊಂಬು ಕಂಡಿತು, ಒಮ್ಮೆ ಹೆಡ್ಲಿ, ಮತ್ತೆ ಕೊಂಬು.

"ಭಾವಾ, ಕೊಂಬು ನೋಡಿದ್ದಾಯ್ತು," ಎಂದು ಕೂಗಿದ ಗಾರ್ಲಂಡ್. "ಮುಖ ಬೇಕಾಗಿಲ್ಲ, ಸಾಕು ನಿಲ್ಸಿ." ಹಗ್ಗವನ್ನು ಹೆಗಲಿಗೇರಿಸಿ ದೋಣಿಯತ್ತ ನಡೆದ.

ಮೆಲ್ವಿನಾ ಆಗಲೇ ದೋಣಿಯಲ್ಲಿದ್ದಳು. "ಅಪ್ಪನ ದೋಣಿ ಇದು, ನಿಂದೊಬ್ಬಂದೇ ಅಲ್ಲ," ಎಂದವಳೇ ತಮ್ಮನನ್ನು ದಡದಲ್ಲೇ ಬಿಟ್ಟು ಹುಟ್ಟುಹಾಕಿ ಹೋದಳು. ಮನೆಯಿಂದ ತಂದಿದ್ದ, ಹಿಮ ಎತ್ತುವ ಸಲಿಕೆಯನ್ನು ಗಂಡನ ಕೈಗಿತ್ತಳು.

"ಎಂಜಿನ್ ಆರ್ಸು. ಹುಟ್ಟುಹಾಕು."

"ಇದ್ರಲ್ಲಾ?"

"ಮತ್ತೆ, ಹಗ್ಗ ಬೇಕಾ?"

ಮೂಸ್ ಸಮೇತ ಗಾಡಿಯನ್ನು ಹೆಡ್ಲಿ ಸಲಿಕೆಯಿಂದಲೇ ದಡ ಸೇರಿಸಿದ. ಜನ ಎರಡನೆಯ ಸಲ ಚಹಾ ಕಾಯಿಸಿಕೊಂಡರು. ಟಿಜಾರ್ಡರ ಹಿತ್ತಲು ಇರುವುದೇ ಕೆರೆಯ ಅಂಚಿನಲ್ಲಿ. ಚಕ್ರ ಹಿತ್ತಲ ಮಣ್ಣಿಗೆ ತಾಗಿದೊಡನೆ ಗಾರ್ಲಂಡ್ ಗಾಡಿ ಕೇಳಲು ಬಂದ.

"ಹಗ್ಗ ಎಲ್ಲಿದೆ?" ಎಂದಳು ಮೆಲ್ವಿನಾ.

ಅದು ಅವನ ಹೆಗಲ ಮೇಲೇ ಇತ್ತು.

"ಅಲ್ಲೇ ಇರ್ಲಿ. ಗಾಡಿ ನಮ್ದೇ."

ಮರುವರ್ಷ ಹೆಡ್ಲಿ ಬೇರಿಂಗುಗಳನ್ನು ಮತ್ತೆ ಬಿಗಿದ, ಆ ಸಲದ ಮೂಸ್‌ನ ಕೊಂಬನ್ನು ಮುಂಭಾಗಕ್ಕೇ ಕಟ್ಟಿ ನೇರವಾಗಿ ಓಡಿಸಿದ. ಬಳೆ ಜಗ್ಗಲಿಲ್ಲ, ಚೈನು ಕಳಚಲಿಲ್ಲ. ಕೊಂಬಿನ ಹಿಂದೆ ಕುಳಿತವನಿಗೆ ದಾರಿ ಮಾತ್ರ ಕಾಣಲಿಲ್ಲ. ಗಾಡಿ ಕೆರೆ ದಾಟಿ, ಹಿತ್ತಲು ದಾಟಿ, ಪಕ್ಕದ ಮನೆಯ ಗಾರ್ಲಂಡನ ಸೌದೆ ರಾಶಿಯೊಳಗೆ ನುಗ್ಗಿ ನಿಂತಿತು. ಅದನ್ನು ಹೊರಗೆಳೆಯಲು ಹಗ್ಗ ಬೇಕಾಗಿತ್ತು. ಆದರೆ ಮನೆಗೆ ಬಂದ ಮೇಲೆ ಆದದ್ದು ಲೆಕ್ಕಕ್ಕಿಲ್ಲ ಎಂದು ಮೆಲ್ವಿನಾ ತೀರ್ಪು ಕೊಟ್ಟಳು.